ಮುಸ್ಸಂಜೆಯ ನೆತ್ತಿಯ ಬೆಳಕಿನಲ್ಲಿ ನೈಟ್ರೋಜನ್ ಡೈಆಕ್ಸೈಡ್

ನಾವಿರುವ ವಾಯುಪದರದ ಮೇಲಿನ ಪದರವಾದ ಸ್ತರಗೋಳದ ನೈಟ್ರೋಜನ್ ಡೈಆಕ್ಸೈಡನ್ನು ಬೆಂಗಳೂರಿನ ತಾರಸಿಯ ಮೇಲಿಂದಲೇ ಅಳೆಯಬಹುದು. ದೂರದರ್ಶಕ ನೇರ ನೆತ್ತಿಗೆ ಮುಖಮಾಡಿರಬೇಕು, ಹೊತ್ತು ಹುಟ್ಟುವ ಇಲ್ಲವೇ ಮುಳುಗುವ ವೇಳೆಯಾಗಿರಬೇಕು. ಸೂರ್ಯ ದಿಗಂತದಲ್ಲಿದ್ದಾಗ ಬೆಳಕು ಸ್ತರಗೋಳವನ್ನು ಓರೆಯಾಗಿ ಬಹುದೂರ ಹಾಯ್ದು, ಹತ್ತು-ಹದಿನೈದು ಕಿ.ಮೀ. ಎತ್ತರದಲ್ಲಿ ಚದುರಿ, ಅಲ್ಲಿಂದ ನೆಟ್ಟಗೆ ಇಳಿಯುತ್ತದೆ. ಹಾಗಾಗಿ ಮೇಲಿನ ಅನಿಲದ ಹೀರಿಕೆ ಸುಮಾರು 17 ಪಟ್ಟು ಹಿಗ್ಗುತ್ತದೆ. ಊರಿನ ಹೊಗೆಯಲ್ಲಿರುವ ಇದೇ ಅನಿಲದ್ದು ಅಷ್ಟು ಹಿಗ್ಗುವುದಿಲ್ಲ. ಇಡೀ ವಿಧಾನ ನಿಂತಿರುವುದು ಈ ವ್ಯತ್ಯಾಸದ ಮೇಲೆ.

13 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಬೇಗ ಇಳಿಯುತ್ತಾನೆ. ನೆತ್ತಿಯಿಂದ ಅವನ ಕೋನ 87ರಿಂದ 91 ಡಿಗ್ರಿಗೆ ಹೋಗಲು 16–18 ನಿಮಿಷ ಸಾಕು. ಒಂದೊಂದು ರೋಹಿತಕ್ಕೂ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ದಾಖಲೆ) ಒಂದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಬೆಳಕು ಕುಗ್ಗಿದಂತೆ ಎಕ್ಸ್‌ಪೋಷರ್ ತಾನಾಗಿ ಏರುವಂತಿರಲಿ.

425–490 ನ್ಯಾನೋಮೀಟರ್ ಕಾಣುವ, ಸುಮಾರು ಅರ್ಧ ನ್ಯಾನೋಮೀಟರ್ ಅಂತರವನ್ನೂ ಬೇರ್ಪಡಿಸಿ ತೋರುವ ಸ್ಪೆಕ್ಟ್ರೋಮೀಟರ್ (ರೋಹಿತ ದಾಖಲಿಸುವ ಉಪಕರಣ) ಬೇಕು. ಅದರ ಉಷ್ಣಾಂಶ ಸ್ಥಿರವಾಗಿರದಿದ್ದರೆ ತರಂಗಾಂತರ ಜಾರುತ್ತದೆ. ಮುಸ್ಸಂಜೆಯ ನೆತ್ತಿಯ ಬೆಳಕು ಬಹಳ ಧ್ರುವೀಕರಣಗೊಂಡಿರುತ್ತದೆ (ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ), ಉಪಕರಣದೊಳಗೆ ಬೆಳಕನ್ನು ಬಿಡಿಸುವ ಗ್ರೇಟಿಂಗಿನಿಂದಾಗಿ ಅದು ರೋಹಿತದಲ್ಲಿ ಸುಳ್ಳು ಅಲೆಗಳನ್ನು ಹುಟ್ಟಿಸುತ್ತದೆ. ದೂರದರ್ಶಕಕ್ಕೂ ಸ್ಪೆಕ್ಟ್ರೋಮೀಟರಿಗೂ ನಡುವೆ ಕೆಲವು ಮೀಟರ್ ಉದ್ದದ ಮಲ್ಟಿಮೋಡ್ ಫೈಬರ್ (ಬೆಳಕು ಹಲವು ದಾರಿಗಳಲ್ಲಿ ಸಾಗುವ ಗಾಜಿನ ಎಳೆ) ಹಾಕಿದರೆ ಈ ಕಾಟ ತಗ್ಗುತ್ತದೆ.

ಮುಸ್ಸಂಜೆಯ ರೋಹಿತವನ್ನು ಹೋಲಿಕೆಗೆಂದು ಮಧ್ಯಾಹ್ನ ತೆಗೆದ ಉಲ್ಲೇಖ ರೋಹಿತದಿಂದ ಭಾಗಿಸಿ ಲಾಗರಿದಮ್ ತೆಗೆದು, ಐದನೇ ಘಾತದ ಬಹುಪದಿಯ ಜೊತೆ ನೈಟ್ರೋಜನ್ ಡೈಆಕ್ಸೈಡ್, ಓಝೋನ್, ಆಮ್ಲಜನಕದ ಜೋಡಿ ಅಣು (ಎರಡು ಆಮ್ಲಜನಕ ಅಣುಗಳ ಜೋಡಿ), ನೀರಾವಿ, ರಿಂಗ್ ಪರಿಣಾಮ (ಗಾಳಿಯಲ್ಲಿ ಚದುರುವಾಗ ಬೆಳಕಿನ ತರಂಗಾಂತರ ಚೂರು ಬದಲಾಗಿ ಸೂರ್ಯನ ಗೆರೆಗಳು ತುಂಬಿಕೊಳ್ಳುವುದು) ಇಷ್ಟನ್ನೂ ಹೊಂದಿಸಬೇಕು. ರಿಂಗ್ ಬಿಟ್ಟರೆ ಸೂರ್ಯನ ಬೆಳಕಿನಲ್ಲೇ ಇರುವ ಕಪ್ಪು ಗೆರೆಗಳಾದ ಫ್ರೌನ್‌ಹೋಫರ್ ಗೆರೆಗಳ ಗುರುತು ಅನಿಲದ ಗುರುತಿನಂತೆ ನಟಿಸುತ್ತದೆ. ಹೊಂದದೆ ಉಳಿಯುವ ಶೇಷ ಸಾವಿರದಲ್ಲೊಂದಕ್ಕಿಂತ ಕೆಳಗಿರಲಿ.

ಬೆಂಗಳೂರಿನಲ್ಲಿ ನಿಜವಾದ ಕಷ್ಟ ಉಲ್ಲೇಖದ್ದು. ದಿನದಿನವೂ ಅದೇ ದಿನದ ಮಧ್ಯಾಹ್ನವನ್ನು ಬಳಸಿದರೆ ಆವತ್ತಿನ ವಾಹನದ ಹೊಗೆಯೂ ಲೆಕ್ಕಕ್ಕೆ ಸೇರುತ್ತದೆ. ಮಳೆ ಬಂದು ತೊಳೆದ ಮೇಲಿನ ತಿಳಿ ದಿನದ ಒಂದೇ ಉಲ್ಲೇಖವನ್ನು, ಉಪಕರಣ ಬದಲಾಗದಷ್ಟು ಕಾಲ, ಎಲ್ಲ ದಿನಗಳಿಗೂ ಬಳಸುವುದೇ ಸರಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿನ ಶೂನ್ಯ ನೆರಳಿನ ದಿನಗಳಲ್ಲಿ ಮಧ್ಯಾಹ್ನ ಸೂರ್ಯ ನೆತ್ತಿಗೇ ಬಂದು ನೇರ ದೂರದರ್ಶಕದೊಳಗೇ ಇಣುಕುತ್ತಾನೆ, ಡಿಟೆಕ್ಟರ್ ತುಂಬಿಹೋಗುತ್ತದೆ. ಆ ವಾರಗಳಲ್ಲಿ ಸೂರ್ಯ ನೆತ್ತಿಯಿಂದ 25–30 ಡಿಗ್ರಿ ಸರಿದಿರುವಾಗಿನ ರೋಹಿತವನ್ನು ಉಲ್ಲೇಖವಾಗಿ ತೆಗೆದುಕೊಳ್ಳಿ.

ಬೀದಿಯ ಎಲ್‌ಇಡಿ ದೀಪದ ನೀಲಿ ಶೃಂಗ ಇರುವುದು 450 ನ್ಯಾನೋಮೀಟರ್ ಆಸುಪಾಸಿನಲ್ಲಿ, ನಾವು ಅಳೆಯುವ ತರಂಗಾಂತರಗಳ ವ್ಯಾಪ್ತಿಯ ಒಳಗೇ. ಕಪ್ಪು ಬಳಿದ ಕೊಳವೆಯಿಂದ ಅಡ್ಡ ಬೆಳಕು ತಡೆಯಿರಿ, 91 ಡಿಗ್ರಿ ದಾಟಿದ್ದನ್ನು ಬಿಟ್ಟುಬಿಡಿ. ದಟ್ಟ ಮೋಡದೊಳಗೆ ಬೆಳಕು ಸುತ್ತಾಡಿದಾಗ ಊರಿನ ಹೊಗೆಯೂ ಹಿಗ್ಗುತ್ತದೆ. 477 ನ್ಯಾನೋಮೀಟರ್ ಬಳಿ ಆಮ್ಲಜನಕದ ಜೋಡಿ ಅಣುವಿನ ಹೀರಿಕೆ ದಿಢೀರನೆ ಏರಿದ್ದರೆ ಆ ಬಿಂದುಗಳನ್ನು ಕಿತ್ತುಹಾಕಿ.

ಹಗಲಿನಲ್ಲಿ ಡೈನೈಟ್ರೋಜನ್ ಪೆಂಟಾಕ್ಸೈಡ್ ಬಿಸಿಲಿಗೆ ಒಡೆದು ನೈಟ್ರೋಜನ್ ಡೈಆಕ್ಸೈಡನ್ನು ಬಿಡುಗಡೆ ಮಾಡುವುದರಿಂದ ಸ್ತರಗೋಳದಲ್ಲಿ ಸಂಜೆಯ ಪ್ರಮಾಣ ಮುಂಜಾನೆಗಿಂತ ಹೆಚ್ಚಿರಬೇಕು. ಮುಂಜಾನೆಯದೇ ಹೆಚ್ಚು ಬಂದರೆ ಮೊದಲು ಊರಿನ ಹೊಗೆಯನ್ನೂ ಮೋಡವನ್ನೂ ಅನುಮಾನಿಸಿ, ಆಮೇಲೆ ಉಲ್ಲೇಖವನ್ನು.