ಆ ತಮ್ಮಗ ನನ್ನ ನಂಬರ್ ಯಾಕ ಬೇಕ್ರೀ?

19 ಜುಲೈ 2025, ಶನಿವಾರ, ಧಾರವಾಡ. ರಾತ್ರಿ ಹತ್ತೂವರೆ.

ಆಷಾಢದ ಗಾಳಿಗೆ ಹಿತ್ತಲ ತಗಡು ಬಡಕೊಳ್ಳುತ್ತಿದೆ. ಪಂಚಮಿಗೆ ಇನ್ನು ಹತ್ತೇ ದಿನ. ಅವ್ವ ಶೇಂಗಾ ಹುರಿದಿಟ್ಟಿದ್ದಾಳೆ, ಉಂಡಿ ಕಟ್ಟಲು ನಾನೂ ಕೈ ಹಚ್ಚಬೇಕಂತೆ. ನಾಳೆ ಅಂದೆ. ಇವತ್ತಿನದನ್ನು ಇವತ್ತೇ ಬರೆಯದಿದ್ದರೆ ನಾಳೆ ಹೊತ್ತಿಗೆ ನಾನೇ ಅದನ್ನು ಸಣ್ಣದು ಮಾಡಿಕೊಂಡುಬಿಡುತ್ತೇನೆ. ಆ ಚಾಳಿ ನನಗಿದೆ.

ನರಗುಂದಕ್ಕೆ ಹೋಗಿದ್ದೆ. ಹೊಳೆ ಉಕ್ಕಿ ಬಂದರೆ ನೆರವಿಗೆ ಓಡಾಡಲಿಕ್ಕೆ ಅಂತ ಸುತ್ತಲಿನ ಊರುಗಳಿಂದ ಆರಿಸಿದ ಹುಡುಗ ಹುಡುಗಿಯರಿಗೆ ಒಂದು ದಿನದ ತರಬೇತಿ. 34 ಮಂದಿ, ಅದರಲ್ಲಿ ಹುಡುಗಿಯರು ಒಂಬತ್ತು. ಹಗ್ಗ ಕಟ್ಟುವುದು, ಕ್ಲೋರಿನ್ ಗುಳಿಗೆ, ಪ್ರಥಮ ಚಿಕಿತ್ಸೆ ಎಲ್ಲ ಮುಂಜಾನೆಯೇ ಮುಗಿದಿದ್ದವು. ಊಟದ ಮೇಲಿನ ಪಾಳಿ ನನಗೆ. ರೊಟ್ಟಿ, ಎಣಗಾಯಿ ಗಡದ್ದಾಗಿ ಉಂಡು ಕೂತವರ ಮುಂದೆ 'ಮಾನವೀಯ ನೆರವಿನ ಕಾರ್ಯದಲ್ಲಿ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯ ತಡೆ' ಅಂತ ಬ್ಯಾನರ್ ಬಿಚ್ಚಿದರೆ ಕಣ್ಣು ಮುಚ್ಚದೇ ಇರುವವರು ಯಾರು? ಇಂಥ ಹೆಸರಿಡುವವರು ಒಮ್ಮೆಯಾದರೂ ಅದನ್ನು ಬಾಯಿಬಿಟ್ಟು ಓದಿ ನೋಡಬೇಕು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಎದ್ದ. "ಮ್ಯಾಡಂ, ಇದೆಲ್ಲಾ ಆಫ್ರಿಕಾದಾಗ ಆಗ್ತಿರಬೇಕ್ರಿ. ನಮ್ಮ ಕಡೆ ಹಂಗಿಲ್ರಿ. ನಾವು ಅಕ್ಕ-ತಂಗೇರು ಅಂತನ ನೋಡ್ತೀವ್ರಿ."

ಆಫ್ರಿಕಾದಿಂದಲೇ ಶುರು ಮಾಡಿದೆ. 2002ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳ ಬಗ್ಗೆ ಒಂದು ವರದಿ ಹೊರಬಿತ್ತು. ತಯಾರಿಸಿದ್ದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಬ್ರಿಟನ್ನಿನ ಸೇವ್ ದ ಚಿಲ್ಡ್ರನ್ ಅನ್ನುವ ಮಕ್ಕಳ ನೆರವಿನ ಸಂಸ್ಥೆ ಸೇರಿ. ಆಹಾರ, ತಾಡಪತ್ರಿ, ಸಾಬೂನು ಹಂಚುವವರೇ ಅದನ್ನು ಮುಂದಿಟ್ಟುಕೊಂಡು ಹುಡುಗಿಯರ ಮೈ ಕೇಳುತ್ತಿದ್ದಾರೆ ಅನ್ನುವ ದೂರುಗಳು ಅದರಲ್ಲಿದ್ದವು. ಅದೇ ವರ್ಷ ನೆರವಿನ ಸಂಸ್ಥೆಗಳೆಲ್ಲ ಸೇರಿ ಆರು ಮೂಲ ನಿಯಮ ಬರೆದವು, 2003ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಅದರ ಸಿಬ್ಬಂದಿಗೆಲ್ಲ ಅನ್ವಯಿಸುವ ಆದೇಶ ಹೊರಡಿಸಿದರು. ರೊಕ್ಕ, ಕೆಲಸ, ಸಾಮಾನು, ಸೇವೆ ಯಾವುದನ್ನೂ ಕೊಟ್ಟು ಮೈ ಕೇಳುವಂತಿಲ್ಲ. 18 ತುಂಬದವರ ಜೊತೆ ಅಂತೂ ಇಲ್ಲವೇ ಇಲ್ಲ. ಆ ದೇಶದ ಕಾನೂನು ಏನೇ ಹೇಳಲಿ, 'ವಯಸ್ಸು ಗೊತ್ತಿರಲಿಲ್ಲ' ಅನ್ನುವ ನೆವವೂ ನಡೆಯುವುದಿಲ್ಲ. ಅನುಮಾನ ಬಂದರೆ ತಿಳಿಸಲೇಬೇಕು, ಅದು ತನ್ನ ಸಂಸ್ಥೆಯವನೇ ಆಗಿರಲಿ, ಬೇರೆಯವನೇ ಆಗಿರಲಿ.

ನಿಯಮ ಬಂದ ಮೇಲೂ ನಿಂತಿತೇ? ಹೈಟಿಯಲ್ಲಿ 2010ರ ಭೂಕಂಪದ ನಂತರ ಬ್ರಿಟನ್ನಿನ ನೆರವಿನ ಸಂಸ್ಥೆ ಆಕ್ಸ್‌ಫಾಮ್‌ನ ಸಿಬ್ಬಂದಿ ನಡೆದುಕೊಂಡ ರೀತಿ ಲೋಕಕ್ಕೆ ತಿಳಿದದ್ದು 2018ರಲ್ಲಿ. 2018ರಿಂದ 2020ರವರೆಗೆ ಕಾಂಗೋದಲ್ಲಿ ಎಬೋಲಾ ಇತ್ತಲ್ಲ, ಅಲ್ಲಿ ಕೆಲಸ ಕೊಡಿಸುತ್ತೇವೆ ಅಂತ ಹೆಂಗಸರನ್ನು ಶೋಷಿಸಿದ ಬಗ್ಗೆ 2021ರಲ್ಲಿ ತನಿಖಾ ಆಯೋಗ ಆರೋಪಿಗಳ ಲೆಕ್ಕ ಕೊಟ್ಟಿತು: 83 ಮಂದಿ. ಅದರಲ್ಲಿ 21 ಮಂದಿ ವಿಶ್ವ ಆರೋಗ್ಯ ಸಂಸ್ಥೆಯ ಕೆಲಸಕ್ಕಿದ್ದವರು. ರೋಗ ನಿಲ್ಲಿಸಲು ಹೋದವರು.

"ಬೇಲಿನ ಎದ್ದು ಹೊಲಾ ಮೇಯ್ದಂಗಾತಲ್ರೀ" ಅಂದಳು ಮುಂದೆ ಕೂತ ಒಬ್ಬಳು. ಎಲ್ಲರೂ ಹೌದ್ಹೌದು ಅಂದರು. ಹೌದ್ಹೌದು ಅನ್ನುವುದು ಸಲೀಸು, ಆಫ್ರಿಕಾ ದೂರ ಇದೆ.

ಅದಕ್ಕೇ ಒಂದು ಆಟ ಆಡಿಸಿದೆ. ಮೊದಲು ಎದ್ದು ಮಾತಾಡಿದ ಹುಡುಗನನ್ನೇ ಕರೆದು ಕುರ್ಚಿ, ಟೇಬಲ್, ಪೆನ್ನು ಕೊಟ್ಟೆ. ಉಳಿದ 33 ಮಂದಿ ನೆರೆ ಸಂತ್ರಸ್ತರು. "ಕಿಟ್ ಇರೋದು ಇಪ್ಪತ್ತು. ಯಾರಿಗೆ ಕೊಡೋದು ಅಂತ ಲಿಸ್ಟ್ ಬರಿ ತಮ್ಮಾ, ಹತ್ತು ನಿಮಿಷ." ಇಷ್ಟೇ ಹೇಳಿದ್ದು. ಎರಡು ನಿಮಿಷಕ್ಕೆ ಅವನ ಸುತ್ತ ಗುಂಪು. ಐದನೇ ನಿಮಿಷಕ್ಕೆ ಒಬ್ಬಳು "ಅಣ್ಣಾರ, ನನ್ನ ಹೆಸರು ಬರೀರಿ" ಅಂತ ನಗುನಗುತ್ತ ಬಗ್ಗಿ ಕೇಳುತ್ತಿದ್ದಳು. ಆಟವೇ, ಆದರೂ ದನಿ ಬದಲಾಗಿತ್ತು. ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು "ಆಮ್ಯಾಲೆ ಬಾ, ನೋಡೋಣು" ಅಂದ. ಹೀಗನ್ನು ಅಂತ ಯಾರೂ ಅವನಿಗೆ ಕಲಿಸಿರಲಿಲ್ಲ. ಅಂದಮೇಲೆ ತಾನೇ ಗಕ್ಕನೆ ನಿಂತ. ಪೆನ್ನು ಟೇಬಲ್ಲಿನ ಮೇಲಿಟ್ಟು ನನ್ನ ಮುಖ ನೋಡಿದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ನಾನು ಬಸ್ಸಿನ ಮಾತು ಎತ್ತಿದೆ. ಮುಂಜಾನೆ ಹುಬ್ಬಳ್ಳಿಯಿಂದ ಬಾಗಲಕೋಟಿ ಬಸ್ಸಿನಲ್ಲಿ ಬಂದೆನಲ್ಲ. ಆಧಾರ್ ತೋರಿಸಿದೆ, ಶೂನ್ಯ ಟಿಕೆಟ್ ಬಂತು. ಕಂಡಕ್ಟರ್ ಗೊಣಗಿದ, ಅದು ಬೇರೆ ಮಾತು. ಆದರೆ ನಾನು ಅವನಿಗೆ ನಗಬೇಕಿರಲಿಲ್ಲ, ನಂಬರ್ ಕೊಡಬೇಕಿರಲಿಲ್ಲ, ನಾಳೆ ಎಲ್ಲಾದರೂ ಸಿಕ್ಕರೆ ಋಣ ತೀರಿಸಬೇಕಿಲ್ಲ. ಕಿಟ್ಟೂ ಹಾಗೇ ಕೈಗೆ ಬರಬೇಕು. ಲಿಸ್ಟು ಒಬ್ಬನ ಕಿಸೆಯಲ್ಲಿ ಇರಬಾರದು, ಗೋಡೆಯ ಮೇಲಿರಬೇಕು. ಯಾರಿಗೆ, ಯಾಕೆ ಅಂತ ಊರೆಲ್ಲ ಓದುವ ಹಾಗೆ. ಓದು ಬಾರದವರಿಗೆ ಡಂಗುರ ಹೊಡೆಸಿ ಹೇಳಿಸಿದರಾಯಿತು. ಹಂಚುವಾಗ ಇಬ್ಬರು ಇರಲಿ, ಒಬ್ಬಾಕೆ ಹೆಣ್ಣುಮಗಳು. ಹೊತ್ತು ಮುಳುಗಿದ ಮೇಲೆ ಗೋಡೌನ್ ತೆರೆಯಬಾರದು.

ನಮ್ಮ ಕಾಗದಪತ್ರಗಳಲ್ಲಿ ಪಡೆಯುವವರನ್ನು 'ಫಲಾನುಭವಿ' ಅಂತ ಬರೆಯುತ್ತೇವೆ. ಮನೆ ಬಿದ್ದು, ಎತ್ತು ತೇಲಿಹೋಗಿ, ಶಾಲೆಯ ಜಗುಲಿಯಲ್ಲಿ ಮಲಗಿದವಳು ಅದ್ಯಾವ ಫಲ ಅನುಭವಿಸುತ್ತಿದ್ದಾಳೋ.

ಇನ್ನು ಮುಂದಿನದು ನಾನು ಅಲ್ಲಿ ಅರ್ಧ ಹೇಳಿ ಅರ್ಧ ನುಂಗಿದ್ದು.

2019ರ ಆಗಸ್ಟ್. ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು, ಬೆಣ್ಣಿಹಳ್ಳ ಬೇರೆ ತುಂಬಿ ಬಂದಿತ್ತು. ನರಗುಂದ, ರೋಣ ತಾಲೂಕಿನ ದಂಡೆಯ ಊರುಗಳು ನೀರಿನಲ್ಲಿದ್ದವು. ನೆರವಿನ ಕೆಲಸಕ್ಕೆ ನಾನಿದ್ದ ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಮುಂದೆ ಹೇಳುವ ಹೆಣ್ಣುಮಗಳು ಯಾರು ಅನ್ನುವುದು ಆ ಕಡೆಯವರಿಗೆ ತಿಳಿದುಹೋಗುತ್ತದೆ. ಕೆಲವರು 2009ರ ನೆರೆಯ ನಂತರ ಕಟ್ಟಿದ ಆಸರೆ ಮನೆಗಳಿಗೆ ಹತ್ತಿದರು, ಉಳಿದವರು ಶಾಲೆಗೆ. ಧಾರವಾಡ, ಹುಬ್ಬಳ್ಳಿಯ ಓಣಿಗಳಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟುಗಂಟಾಗಿ ಬರುತ್ತಿದ್ದವು. ರೊಟ್ಟಿಗೆ ಬರ ಇರಲಿಲ್ಲ, ತಾಡಪತ್ರಿಗೆ ಇತ್ತು. ಹಾಗಾಗಿ ತಾಡಪತ್ರಿಗೆ ಟೋಕನ್. ಲಗ್ನಪತ್ರಿಕೆಗಳ ಹಿಂಬದಿಯನ್ನು ಬೆರಳುದ್ದ ಕತ್ತರಿಸಿ ಮಾಡಿದ ಟೋಕನ್ನು, ಮೇಲೆ ಒಂದು ನಂಬರು, ಕೆಳಗೆ ಒಬ್ಬ ಸ್ವಯಂಸೇವಕನ ಸಹಿ. ಒಬ್ಬನದೇ ಸಹಿ. ಆಗ ಅದು ನಮಗೆ ಶಿಸ್ತು ಅನಿಸಿತ್ತು.

ಶಾಲೆಯ ಪಾಯಖಾನೆಗೆ ಒಳಗಿನ ಚಿಲಕ ಇರಲಿಲ್ಲ. ಹೆಂಗಸರು ನಸುಕಿನಲ್ಲೇ ಇಬ್ಬಿಬ್ಬರಾಗಿ ಹೋಗುತ್ತಿದ್ದರು. ಒಬ್ಬಳು ಒಳಗೆ, ಒಬ್ಬಳು ಹೊರಗೆ ಕದಕ್ಕೆ ಬೆನ್ನು ಕೊಟ್ಟು ನಿಂತು. ನಾನು ಅದನ್ನು ದಿನಾ ನೋಡಿದೆ. ಇಪ್ಪತ್ತು ರೂಪಾಯಿಯ ಚಿಲಕ ತರಿಸಬೇಕು ಅಂತ ನಾಲ್ಕನೇ ದಿನದವರೆಗೆ ಹೊಳೆಯಲಿಲ್ಲ.

ಆಕೆಗೆ ಮೂವತ್ತರ ಆಚೀಚೆ ವಯಸ್ಸು. ಗಂಡ ಗೋವಾ ಕಡೆ ದುಡಿಯಲು ಹೋದವನು, ಬಂದಿರಲಿಲ್ಲ. ನಾನು ಅಕ್ಕಿ ಚೀಲ ಎಣಿಸುತ್ತ ಕೂತಿದ್ದಾಗ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಸ್ವಲ್ಪ ಹೊತ್ತು ಸುಮ್ಮನಿದ್ದು "ಅಕ್ಕಾರ, ಆ ತಮ್ಮಗ ನನ್ನ ನಂಬರ್ ಯಾಕ ಬೇಕ್ರೀ?" ಅಂದಳು.

ನಾನು ತಲೆ ಎತ್ತಲಿಲ್ಲ. "ಲಿಸ್ಟಿಗೆ ಬೇಕಾಗ್ತದವ್ವಾ, ಕೊಡು" ಅಂದೆ. ಮತ್ತೆ ಎಣಿಸತೊಡಗಿದೆ. ಎಣಿಕೆ ತಪ್ಪಿತ್ತು ಅನ್ನುವುದು ಸಹ ನೆನಪಿದೆ, ಮೊದಲಿಂದ ಎಣಿಸಿದೆ.

ಆಕೆ ಕೊಟ್ಟಳು. ನಾನು ಕೊಡು ಅಂದದ್ದಕ್ಕೇ ಕೊಟ್ಟಳು. ಆ ರಾತ್ರಿ ಟೋಕನ್ನಿಗೆ ಸಹಿ ಹಾಕುವ ಹುಡುಗನ ಫೋನ್ ಬಂತಂತೆ: ಗೋಡೌನ್ ಕಡೆ ಒಬ್ಬಾಕಿನ ಬಾ, ಟೋಕನ್ ಕೊಡ್ತೀನಿ. ಆಕೆ ಹೋಗಲಿಲ್ಲ. ಮರುದಿನದಿಂದ ಸಾಲಿನಲ್ಲೂ ನಿಲ್ಲಲಿಲ್ಲ. ಅರ್ಧ ಬಿದ್ದ ಮನೆಯ ಮೇಲೆ ಹಳೇ ಗೊಬ್ಬರದ ಚೀಲ ಹೊಲಿದು ಹೊದಿಸಿ ಶ್ರಾವಣ, ಭಾದ್ರಪದ ಕಳೆದಳು. ಇದನ್ನು ನನಗೆ ಹೇಳಿದ್ದು ಆ ಊರಿನ ಆಶಾ ಕಾರ್ಯಕರ್ತೆ, ನಾಲ್ಕು ತಿಂಗಳ ಮೇಲೆ, ಆಕೆಯ ಒಪ್ಪಿಗೆ ಕೇಳಿಯೇ.

ನಮ್ಮ ಸಂಸ್ಥೆಯ ಆಫೀಸಿನಲ್ಲಿ ಹೇಳಿದೆ. ನಮ್ಮ ಹಿರಿಯರು ಅಂದದ್ದು: "ಮೂರು ದಿನ ನೀರಾಗ ನಿಂತು ಮುದುಕೇರ್ನ ಬೆನ್ನ ಮ್ಯಾಲೆ ಹೊತ್ತು ತಂದಾನವ, ಅಂಥಾ ಹುಡುಗನ ಮ್ಯಾಲೆ ಹಿಂಗ ಹೇಳಬ್ಯಾಡ್ರಿ." ಹೊತ್ತು ತಂದದ್ದು ಸುಳ್ಳಲ್ಲ, ನಾನೇ ನೋಡಿದ್ದೇನೆ. ಎರಡೂ ಅವನೇ. ಇದು ಅರ್ಥವಾಗಲು ನನಗೆ ಬಹಳ ದಿನ ಬೇಕಾಯಿತು. ಕೆಟ್ಟವನು ಕೆಟ್ಟವನ ಹಾಗೇ ಕಾಣುತ್ತಾನೆ ಅಂದುಕೊಂಡರೆ ಅಲ್ಲೇ ಮೋಸ ಹೋಗುತ್ತೇವೆ.

ಅವನನ್ನು ಸದ್ದಿಲ್ಲದೆ ಬಿಡಿಸಿ ಕಳಿಸಿದರು. ಕೈಯಲ್ಲಿ ಪ್ರಶಂಸಾ ಪತ್ರ. ಮುಂದೆ ಮತ್ತೊಂದು ಸಂಸ್ಥೆ ಸೇರಿದ ಅಂತ ಕೇಳಿದೆ. ಹೈಟಿಯಲ್ಲಿ ಆಕ್ಸ್‌ಫಾಮ್‌ನ ಮುಖ್ಯಸ್ಥನಾಗಿದ್ದವನು ಅಲ್ಲಿ ರಾಜೀನಾಮೆ ಕೊಟ್ಟು ಬಾಂಗ್ಲಾದೇಶದಲ್ಲಿ ಬೇರೊಂದು ನೆರವಿನ ಸಂಸ್ಥೆಯ ಮುಖ್ಯಸ್ಥನಾದ. ದೊಡ್ಡವರದು ದೊಡ್ಡ ಪ್ರಮಾಣದಲ್ಲಿ, ನಮ್ಮದು ನಮ್ಮ ಪ್ರಮಾಣದಲ್ಲಿ. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಹಳೆಯ ಸಂಸ್ಥೆಗೆ 'ಇವನ ಮೇಲೆ ಇಂಥ ದೂರು ಸಾಬೀತಾಗಿತ್ತೇ' ಅಂತ ನೇರವಾಗಿ ಕೇಳುವ, ಅವರು ಉತ್ತರ ಕೊಡುವ ಒಂದು ಒಪ್ಪಂದ 2019ರಿಂದ ಅಂತರರಾಷ್ಟ್ರೀಯ ಸಂಸ್ಥೆಗಳ ನಡುವೆ ನಡೆದಿದೆ. ನಮ್ಮ ಮಟ್ಟದಲ್ಲಿ ಒಂದು ಫೋನ್ ಸಾಕು. ಆ ಫೋನನ್ನು ನಾವು ಮಾಡುವುದಿಲ್ಲ, ಬಂದರೆ ಎತ್ತಿ 'ಒಳ್ಳೆ ಹುಡುಗ್ರೀ' ಅನ್ನುತ್ತೇವೆ.

ಕಾನೂನು ಇರಲಿಲ್ಲವೇ? ಇತ್ತು. 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಕಾಯ್ದೆಯನ್ನು ನಾವು ಆಫೀಸಿನ ಹೆಂಗಸರದು ಅಂದುಕೊಂಡಿದ್ದೆವು. ತೆರೆದು ಓದಿದರೆ, ದೂರು ಕೊಡುವಾಕೆ ಆ ಸಂಸ್ಥೆಯಲ್ಲಿ ಕೆಲಸಕ್ಕಿರಲೇಬೇಕು ಅಂತಿಲ್ಲ. ಸಂಬಳವಿಲ್ಲದ ಸ್ವಯಂಸೇವಕನೂ ಉದ್ಯೋಗಿಯೇ. ಕೆಲಸದ ನಿಮಿತ್ತ ಹೋದ ಊರೂ ಕೆಲಸದ ಸ್ಥಳವೇ. ಹತ್ತು ಜನ ಇದ್ದಲ್ಲಿ ಆಂತರಿಕ ಸಮಿತಿ ಇರಬೇಕು, ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ದೂರಿಗೆ ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು. ಅಂದರೆ ಆಶಾ ಅಕ್ಕ ನನಗೆ ಹೇಳಿದ ದಿನ ಇನ್ನೂ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. 18 ತುಂಬದ ಮಕ್ಕಳಿದ್ದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಇನ್ನೂ ಬಿಗಿ: ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ, ತಿಳಿಸದವರ ಮೇಲೇ ಕೇಸು.

ಇವತ್ತು ಹುಡುಗರು ದೂರಿನ ಪೆಟ್ಟಿಗೆ ಇಡೋಣ ಅಂದರು. ಎಲ್ಲಿ ಅಂದರೆ, ಟೋಕನ್ ಕೊಡುವ ಟೇಬಲ್ಲಿನ ಬಾಜೂಕ! ನಗು ಬಂತು. ಲಿಸ್ಟ್ ಬರೆಯುವವನ ಕಣ್ಣೆದುರು ಅವನ ಮೇಲೆಯೇ ಚೀಟಿ ಹಾಕಬೇಕು, ಅದೂ ಬರೆಯಲು ಬಂದರೆ. ಆಮೇಲೆ ಅವರೇ ಯೋಚಿಸಿ ಹೇಳಿದರು: ಅಂಗನವಾಡಿ ಬಾಯಾರ ಹತ್ರ ಹೇಳಬಹುದು, ಬಳಿ ತೊಡಿಸಾಕ ಬರೋ ಅಜ್ಜಿ ಹತ್ರ ಹೇಳಬಹುದು. ಬಳೆಗಾರ ಅಜ್ಜಿ ನನ್ನ ತಲೆಗೆ ಎಂದೂ ಬಂದಿರಲಿಲ್ಲ. ಊರ ಹೆಂಗಸರ ಕೈ ಹಿಡಿದು ಕೂರುವಾಕೆ ಆಕೆಯೇ ಅಲ್ಲವೇ? ಕೊನೆಗೆ ಒಂದು ಬೋರ್ಡನ್ನೂ ಬರೆದರು, ನಾನು ಒಂದಕ್ಷರ ತಿದ್ದಲಿಲ್ಲ:

'ಈ ಸಾಮಾನು ಪುಕ್ಕಟೆ. ಇದಕ್ಕ ರೊಕ್ಕ ಕೊಡಬ್ಯಾಡ್ರಿ. ಯಾರಾದ್ರೂ ಬ್ಯಾರೆ ಏನರ ಕೇಳಿದ್ರ ಅದು ನಿಮ್ಮ ತಪ್ಪಲ್ಲ, ನಮಗ ಹೇಳ್ರಿ. ಹೇಳಿದ್ರ ನಿಮ್ಮ ಹೆಸರು ಲಿಸ್ಟಿನಿಂದ ಹೋಗಂಗಿಲ್ಲ.'

ಕೊನೆಯ ಸಾಲು ಹುಡುಗಿಯರದು. ಕೆಳಗೆ 112 (ತುರ್ತು ಕರೆ), 181 (ಮಹಿಳಾ ಸಹಾಯವಾಣಿ), 1098 (ಮಕ್ಕಳ ಸಹಾಯವಾಣಿ).

ಸಂಜೆ ಐದಕ್ಕೆ ಮುಗಿಯಿತು. ಐದೂವರೆಯ ಹುಬ್ಬಳ್ಳಿ ಬಸ್ಸು ಹಿಡಿದರೆ ಕತ್ತಲಾಗುವಷ್ಟರಲ್ಲಿ ಮನೆ. ಬ್ಯಾನರ್ ಸುತ್ತಿ ಚೀಲಕ್ಕೆ ತುರುಕುತ್ತಿದ್ದೆ. ಒಂಬತ್ತು ಹುಡುಗಿಯರಲ್ಲಿ ಒಬ್ಬಳು, ದಿನವಿಡೀ ಬಾಯಿ ಬಿಡದವಳು, ಜಮಖಾನೆ ಮಡಿಚುವ ನೆವದಲ್ಲಿ ಹಿಂದೆ ಉಳಿದಿದ್ದಳು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚಿದಳು.

"ಮ್ಯಾಡಂ, ಕೆಲಸದ ಮೆಸೇಜ್ ರಾತ್ರಿ ಹನ್ನೊಂದಕ್ಕ ಹಾಕೋದು ರೂಢಿ ಏನ್ರೀ?"

ಉತ್ತರ ಬಾಯಿಗೆ ಬಂದಿತ್ತು. ಹೊಳೆ ಬಂದಾಗ ರಾತ್ರಿ ಹಗಲು ಇರೋದಿಲ್ಲವ್ವಾ, ಅಂತ. ನಿಜವೂ ಹೌದು. ನುಂಗಿದೆ. ಚೀಲ ಕೆಳಗಿಟ್ಟು ಆ ಜಮಖಾನೆಯ ಮೇಲೆಯೇ ಕೂತು "ಯಾಕ ತಂಗಿ, ಯಾರು ಹಾಕ್ತಾರ?" ಅಂದೆ.

ಆಕೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಐದೂವರೆ ಬಸ್ಸು ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು. ಅದರಾಚೆಯದರಲ್ಲಿ ಸೀಟಿರಲಿಲ್ಲ, ನವಲಗುಂದದವರೆಗೆ ನಿಂತೇ ಬಂದೆ. ಸೋಮವಾರ ಮುಂಜಾನೆ ಹತ್ತಕ್ಕೆ ಜಿಲ್ಲಾ ಕೇಂದ್ರ ಗದಗಿಗೆ ಹೋಗಬೇಕು, ಆಕೆಯೂ ಬರುತ್ತೇನೆ ಅಂದಿದ್ದಾಳೆ. ಅವ್ವ ಎರಡು ಸಲ ಕರೆದಳು, ರೊಟ್ಟಿ ಆರಿಹೋಗಿರಬೇಕು.