ಪರಿಸರದ ಲೆಕ್ಕ ಯಾವ ವಿಭಾಗದ್ದು?

ಪುಣೆಯ ಎಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಿರುವ ನನಗೆ ಒಂದು ಮಾತು ಮನದಟ್ಟಾಗಿದೆ: ಪರಿಸರ ಸುಸ್ಥಿರತೆಯ ಪಾಠ ಬೇರೆ ಪುಸ್ತಕದಲ್ಲಿರದೆ ಪ್ರತಿ ವಿಭಾಗದ ವಿನ್ಯಾಸದ ಲೆಕ್ಕದೊಳಗೇ ಇರಬೇಕು. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು, ಮುಂದೆ ಪದವಿ ತರಗತಿಗಳಿಗೆ ಅದು ಬಂದೂ ಬಂತು. ಆದರೆ ಮೊದಲ ವರ್ಷ ಅದನ್ನು ಓದಿ ಮುಗಿಸಿದ ವಿದ್ಯಾರ್ಥಿಗೆ ಮೂರನೆಯ ವರ್ಷದಲ್ಲಿ ಪಂಪು ಆರಿಸುವಾಗ ಅದರ ನೆನಪು ಬರುವುದೇ ಇಲ್ಲ.

ಹಾಗಾಗಿ ನಾವು ಕೆಲವು ಅಧ್ಯಾಪಕರು ಸೇರಿ, ಕೊಳಚೆ ನೀರು ಶುದ್ಧೀಕರಿಸುವ ಘಟಕದ ಗಾಳಿಯೂಡುವ ತೊಟ್ಟಿಯನ್ನು ಎಲ್ಲ ವಿಭಾಗಗಳಿಗೂ ಸಾಮಾನ್ಯ ಸಮಸ್ಯೆಯಾಗಿ ಕೊಟ್ಟೆವು. ಇಂಥ ಘಟಕದಲ್ಲಿ ಹೆಚ್ಚು ವಿದ್ಯುತ್ ನುಂಗುವುದು ಈ ತೊಟ್ಟಿಯೇ. ಕೊಳೆಯನ್ನು ತಿಂದು ಕರಗಿಸುವ ಸೂಕ್ಷ್ಮಾಣುಜೀವಿಗಳಿಗಾಗಿ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರಬೇಕೆಂದು ಸಿವಿಲ್‌ನವರು ಹೇಳುತ್ತಾರೆ. ಅದಕ್ಕೆ ತಕ್ಕ ಬ್ಲೋವರನ್ನು, ಅಂದರೆ ಗಾಳಿ ಊದುವ ಯಂತ್ರವನ್ನು, ನಮ್ಮವರು ಆರಿಸುತ್ತಾರೆ. ಅದರ ವೇಗವನ್ನು ಹೊತ್ತಿಗೆ ತಕ್ಕಂತೆ ತಗ್ಗಿಸುವ ಡ್ರೈವ್ ಎಲೆಕ್ಟ್ರಿಕಲ್‌ನವರದು, ಸೆನ್ಸರ್ ನೋಡಿ ಅದನ್ನು ನಡೆಸುವ ಪ್ರೋಗ್ರಾಂ ಕಂಪ್ಯೂಟರ್‌ನವರದು. ಕೇಂದ್ರಾಪಗಾಮಿ ಬ್ಲೋವರಿನ ವೇಗ ಶೇ. 80ಕ್ಕಿಳಿದರೆ ಬೇಕಾಗುವ ವಿದ್ಯುತ್, ಅದು ವೇಗದ ಘನಕ್ಕೆ ಅನುಗುಣ ಎಂಬ ಸೂತ್ರದ ಪ್ರಕಾರ, ಶೇ. 51ಕ್ಕಿಳಿಯುತ್ತದೆ, ಆದರೆ ತೊಟ್ಟಿಯ ನೀರಿನ ಆಳದ ಒತ್ತಡವನ್ನು ಯಾವಾಗಲೂ ಮೀರಲೇಬೇಕಾದ್ದರಿಂದ ನಿಜವಾದ ಉಳಿತಾಯ ಅದಕ್ಕಿಂತ ಕಡಿಮೆ. ವೇಗವನ್ನು ಇನ್ನೂ ತಗ್ಗಿಸಿದರೆ ವಿದ್ಯುತ್ತಿಗಾಗಿ ಸುಡುವ ಕಲ್ಲಿದ್ದಲು ಉಳಿಯುತ್ತದೆ, ಆದರೆ ನೀರು ಕೊಳಕಾಗಿಯೇ ಹೊರಬೀಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಈ ಚರ್ಚೆ ಒಂದೇ ವಿಭಾಗದ ಕೊಠಡಿಯಲ್ಲಿ ಹುಟ್ಟುವುದು ಸಾಧ್ಯವಿರಲಿಲ್ಲ, ಮತ್ತು ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಇದೇ.

ಆ ನೀರು ಪುಣೆಯ ಮುಳಾ-ಮುಠಾ ನದಿಯ ಮೂಲಕ ಭೀಮಾ ನದಿಗೆ, ಅಲ್ಲಿಂದ ಉಜನಿ ಜಲಾಶಯಕ್ಕೆ ಸೇರುತ್ತದೆ. ನಕ್ಷೆ ತೋರಿಸಿದಾಗ ಕಲಬುರಗಿ ಜಿಲ್ಲೆಯ ಅಫಜಲಪುರದ ಕಡೆಯ ಹುಡುಗನೊಬ್ಬ, “ಸರ್, ಮುಂದ ಈ ಹೊಳಿ ನಮ್ಮೂರಿಗೇ ಬರ್ತದಲ್ರಿ,” ಎಂದ. ಕೆಳಗಿನ ಊರಿನವರ ಹಿತವೂ ವಿನ್ಯಾಸದ ಷರತ್ತುಗಳಲ್ಲಿ ಒಂದು ಎಂಬುದನ್ನು ಆ ತರಗತಿಗೆ ನಾನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಇಂಥದ್ದನ್ನು ಆರಂಭಿಸಬಯಸುವ ಅಧ್ಯಾಪಕ ಮಿತ್ರರಿಗೆ ನನ್ನ ಸಲಹೆಯಿಷ್ಟೆ: ಹೊಸ ವಿಷಯ ಸೇರಿಸಲು ಪಠ್ಯಕ್ರಮ ಸಮಿತಿಯ ಒಪ್ಪಿಗೆಗೆ ಕಾಯುವ ಬದಲು, ಈಗಿರುವ ಪ್ರಶ್ನೆಗೇ ಒಂದು ಉಪಪ್ರಶ್ನೆ ಜೋಡಿಸಿ. ಮೋಟರಿನ ಬೆಲೆಯ ಜೊತೆಗೆ ಅದರ ಆಯುಷ್ಯದುದ್ದಕ್ಕೂ ಖರ್ಚಾಗುವ ವಿದ್ಯುತ್ತನ್ನೂ ಕೇಳಿ, ಅದಕ್ಕೆ ಅಂಕ ಇಡಿ. ಅಂಕವಿಲ್ಲದ ಭಾಗವನ್ನು ವಿದ್ಯಾರ್ಥಿಗಳು ಬಿಟ್ಟೇಬಿಡುತ್ತಾರೆ.