ಊರು ಬಿಟ್ಟ ವರ್ಷ ನಿಮ್ಮದು, ಕಾರಣ ಆಟಗಾರರದು

ಆರ್‌ಪಿಜಿ, ಅಂದರೆ ಆಟಗಾರರು ಒಂದು ಪಾತ್ರವೇ ಆಗಿ ಕಥೆಯೊಳಗೆ ಸಾಗುವ ವಿಡಿಯೋ ಗೇಮ್, ಬರೆಯಲು ಕೂತವರನ್ನು ಮೊದಲ ದಿನವೇ ಕಾಡುವ ಪ್ರಶ್ನೆ ಒಂದಿದೆ. ಮುಖ್ಯ ಪಾತ್ರದ ಹಿಂದಿನ ಬದುಕನ್ನು ನಾವೇ ಬರೆದಿಡಬೇಕೋ, ಆಟಗಾರರಿಗೆ ಬಿಡಬೇಕೋ? ಬೆಂಗಳೂರಲ್ಲಿ ಕೂತು ಕನ್ನಡದಲ್ಲೇ ಆಟ ಬರೆಯುವವರಿಗೆ ಇದರ ಜೊತೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ನನ್ನ ನಿಲುವು ಇಷ್ಟು. ಕಥೆ ಯಾವ ಘಟನೆಯ ಮೇಲೆ ನಿಂತಿದೆಯೋ ಅದನ್ನು ಬರೆಯುವವರೇ ಗಟ್ಟಿ ಮಾಡಬೇಕು. ಆ ಘಟನೆ ಯಾಕೆ ನಡೆಯಿತು, ಅದರ ಬಗ್ಗೆ ಪಾತ್ರಕ್ಕೆ ಏನನ್ನಿಸುತ್ತದೆ ಎಂಬುದನ್ನು ಆಟಗಾರರಿಗೆ ಕೊಡಬೇಕು. ಕೇಳಿ ಪಡೆದ ಪ್ರತಿ ಉತ್ತರವೂ ಸಾಲ ಇದ್ದಂತೆ. ಆಟದ ನಡುವೆ ಎಲ್ಲಾದರೂ ತೀರಿಸಲೇಬೇಕು.

ಈ ಸಾಲ ಚೆನ್ನಾಗಿ ತೀರಿರುವುದಕ್ಕೆ 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್ ನೋಡಿ. ಅಲ್ಲಿ ಆರಿಸಿಕೊಳ್ಳಲು 6 ಹಿನ್ನೆಲೆಗಳಿವೆ. ಆರಿಸಿದ್ದನ್ನು ಆಡಿಯೇ ಮುಗಿಸಬೇಕು, ಕೊನೆಗೆ ಎಲ್ಲವೂ ಗ್ರೇ ವಾರ್ಡನ್ ಪಡೆ ಸೇರುವಲ್ಲಿ ಕೂಡುತ್ತವೆ. ಅಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಕುಬ್ಜರ ನಗರ ಓರ್ಜಮಾರ್‌ನಲ್ಲಿ ಮುಂದಿನ ರಾಜ ಯಾರೆಂದು ನಿರ್ಧರಿಸುವ ಘಟ್ಟ ಬರುತ್ತದೆ. ಒಬ್ಬ ಹ್ಯಾರೋಮಾಂಟ್, ಇನ್ನೊಬ್ಬ ಬೇಲೆನ್. ಹೊರಗಿನಿಂದ ಬಂದವರಿಗೆ ಇಬ್ಬರೂ ಅಪರಿಚಿತರು. ಕುಬ್ಜ ರಾಜಮನೆತನದ ಹಿನ್ನೆಲೆ ಆರಿಸಿಕೊಂಡವರಿಗೆ ಬೇಲೆನ್ ಮೋಸ ಮಾಡಿ ಮನೆಯಿಂದ ಹೊರಹಾಕಿಸಿದ ಒಡಹುಟ್ಟಿದವನು. ಬಡ ಕುಬ್ಜರ ಕೇರಿಯಿಂದ ಬಂದವರಿಗೋ, ಅಕ್ಕ ರೀಕಾ ಹೆತ್ತ ಮಗುವಿನ ತಂದೆ. ಎಲ್ಲರಿಗೂ ಅದೇ ಸಭೆ, ಅದೇ ತೀರ್ಮಾನ, ಅವೇ ಎರಡು ಹೆಸರು. ಆದರೂ ಮೂರು ಬಗೆಯ ಆಟಗಾರರ ಹೊಟ್ಟೆಯಲ್ಲಿ ಮೂರು ಬೇರೆ ಸಂಕಟ. ಹೊಸ ನಗರವನ್ನೇನೂ ಕಟ್ಟದೆ, ಹೇಗಿದ್ದರೂ ಬರೆಯಲೇಬೇಕಿದ್ದ ದೃಶ್ಯದಲ್ಲೇ ಸಾಲ ತೀರಿಸಿದ್ದಾರೆ. ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

2007ರ ಮಾಸ್ ಎಫೆಕ್ಟ್ ಕಡಿಮೆ ಖರ್ಚಿನಲ್ಲಿ ಮುಗಿಸುತ್ತದೆ. 3 ಬಾಲ್ಯ, 3 ಸೇನಾ ಚರಿತ್ರೆ, ಒಟ್ಟು 9 ಜೋಡಿ. ಬಾಲ್ಯಕ್ಕೊಂದು ಸಣ್ಣ ಕ್ವೆಸ್ಟ್ (ಆಟದೊಳಗೆ ಮುಗಿಸಬೇಕಾದ ಕೆಲಸ), ಅಲ್ಲಲ್ಲಿ ಒಂದೆರಡು ಮಾತು. ಮುಖ್ಯ ಪಾತ್ರದ ಹೆಸರು ಶೆಪರ್ಡ್. ವಸಾಹತಿನಲ್ಲಿ ಬೆಳೆದ ಶೆಪರ್ಡ್‌ಗೆ, ತನ್ನೂರಿನ ದಾಳಿಯಲ್ಲೇ ಗುಲಾಮಳಾಗಿ ಹೋಗಿದ್ದ ತಾಲಿತಾ ಎದುರಾಗುತ್ತಾಳೆ. ಕೆಲವೇ ನಿಮಿಷದ ದೃಶ್ಯ, ಆದರೂ ಮನಸ್ಸಿನಲ್ಲಿ ಉಳಿಯುತ್ತದೆ. 2020ರ ಸೈಬರ್‌ಪಂಕ್ 2077 ಎಡವಿದ್ದು ಪ್ರಮಾಣದಲ್ಲಿ. ನೋಮ್ಯಾಡ್ (ಅಲೆಮಾರಿ), ಸ್ಟ್ರೀಟ್ ಕಿಡ್ (ಬೀದಿಯಲ್ಲಿ ಬೆಳೆದವರು), ಕಾರ್ಪೊ (ದೊಡ್ಡ ಕಂಪನಿಯ ನೌಕರರು) ಎಂಬ 3 ದಾರಿಗಳಿಗೆ ಬೇರೆ ಬೇರೆ ಆರಂಭವಿದೆ. ಸ್ವಲ್ಪ ಹೊತ್ತಿಗೇ ಚಿಕ್ಕ ಚಿಕ್ಕ ದೃಶ್ಯ ಪೋಣಿಸಿದ ಒಂದು ಮಾಂಟೇಜ್ ಬಂದು ಮೂವರನ್ನೂ ಒಂದೇ ಹಳಿಗೆ ಹತ್ತಿಸುತ್ತದೆ. ಮುಂದೆ ಸಿಗುವುದು ದಾರಿಗೊಂದು ಸೈಡ್ ಕ್ವೆಸ್ಟ್, ಮತ್ತೆ ಹೆಚ್ಚಾಗಿ ಬಣ್ಣಕ್ಕಷ್ಟೇ ಇರುವ ಮಾತುಗಳು. ಆರಂಭದ ದೃಶ್ಯ ಅಷ್ಟು ದೊಡ್ಡದಾಗಿದ್ದರಿಂದಲೇ ನಿರೀಕ್ಷೆಯೂ ದೊಡ್ಡದಾಯಿತು.

ಪೂರ್ತಿ ಬರೆದಿಟ್ಟ ಹಿನ್ನೆಲೆ ಎಂದರೆ ಆಟಗಾರರ ಕೈ ಕಟ್ಟಿದಂತೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2018ರ ಕಿಂಗ್‌ಡಮ್ ಕಮ್: ಡೆಲಿವರೆನ್ಸ್‌ನ ಹೆನ್ರಿ 1403ರ ಬೊಹೀಮಿಯಾದ ಒಬ್ಬ ಕಮ್ಮಾರನ ಮಗ, ಅವನಿಗೆ ಓದಲು ಬರುವುದಿಲ್ಲ. ಇದನ್ನು ಹೇಳಲು ಆಟ ಒಂದು ಸಾಲನ್ನೂ ಖರ್ಚು ಮಾಡಬೇಕಿಲ್ಲ, ಪುಸ್ತಕ ತೆರೆದರೆ ಸಾಕು. ಅಕ್ಷರಗಳು ಹಿಂದುಮುಂದಾಗಿ ಕಲಸಿಹೋಗಿರುತ್ತವೆ. ಉಜಿಟ್ಸ್ ಊರಿನ ಬರಹಗಾರನ ಹತ್ತಿರ ಕಲಿತ ಮೇಲೆ, ಅಭ್ಯಾಸ ಆದಷ್ಟೂ ಪದಗಳು ತಿಳಿಯಾಗುತ್ತವೆ. ಹೆನ್ರಿಯ ಬಾಲ್ಯ ಅಲ್ಲಿ ಆಟಗಾರರ ಕಣ್ಣಿಗೇ ತಟ್ಟುತ್ತದೆ. ಹಿನ್ನೆಲೆ ಹೀಗೆ ಆಟದ ನಿಯಮದೊಳಕ್ಕೇ ಇಳಿದರೆ, ಅದನ್ನು ಯಾರು ಬರೆದರು ಎಂಬ ತಕರಾರು ಯಾರಿಗೂ ನೆನಪಾಗುವುದಿಲ್ಲ.

ಕೆಡುವುದು ಎಲ್ಲಿ ಎಂದರೆ, ಮೊದಲು ಖಾಲಿ ಬಿಟ್ಟು ಆಮೇಲೆ ತುಂಬಿದಾಗ. ಫಾಲ್‌ಔಟ್: ನ್ಯೂ ವೆಗಾಸ್ 2010ರಲ್ಲಿ ಬಂದಾಗ ನಾಯಕ ಒಬ್ಬ ಕೊರಿಯರ್, ತಲೆಗೆ ಗುಂಡು ಬಿದ್ದು ಬದುಕಿ ಉಳಿದವನು, ಹೆಚ್ಚುಕಮ್ಮಿ ಅಷ್ಟೇ. ಜನ ತಮತಮಗೆ ಬೇಕಾದ ಪೂರ್ವಕಥೆ ಕಟ್ಟಿಕೊಂಡು ಹತ್ತಾರು ಗಂಟೆ ಆಡಿದರು. 2011ರಲ್ಲಿ ಬಂದ ಲೋನ್‌ಸಮ್ ರೋಡ್ ಎಂಬ ಹೆಚ್ಚುವರಿ ಭಾಗದಲ್ಲಿ ಯುಲಿಸೀಸ್ ಎಂಬ ಪಾತ್ರ ಎದುರು ನಿಂತು, ನೀನು ಹಿಂದೆ ಹೊತ್ತು ತಂದ ಒಂದು ಪೊಟ್ಟಣದಿಂದಲೇ ಡಿವೈಡ್ ಎಂಬ ಊರು ನಾಶವಾಯಿತು ಎನ್ನುತ್ತಾನೆ. ಬರವಣಿಗೆ ಸೊಗಸಾಗಿದೆ. ಆದರೆ ಆಟಗಾರರು ಎಂದೂ ಮಾಡದ ಕೆಲಸದ ಪಾಪ ಅವರ ತಲೆಗೆ ಬಂತು. ಇದೇ ಮಾತು ಮೊದಲ ಗಂಟೆಯಲ್ಲೇ ಬಂದಿದ್ದರೆ ಯಾರೂ ಬೇಸರಪಡುತ್ತಿರಲಿಲ್ಲ.

ಈಗ ನಮ್ಮೂರಿಗೆ ಬರೋಣ. ಒಂದು ಮಾದರಿ ಆಟ ಇಟ್ಟುಕೊಳ್ಳಿ. ಮುಖ್ಯ ಪಾತ್ರ ಹೇಳದೆ ಕೇಳದೆ ಬೆಂಗಳೂರು ಬಿಟ್ಟು ಹೋಗಿತ್ತು, ಈಗ ಚಾಮರಾಜಪೇಟೆಯ ಹಳೇ ವಠಾರಕ್ಕೆ ಮರಳಿದೆ. ಮನೆ ಮಾರುವ ಮಾತು ನಡೆಯುತ್ತಿದೆ, ಅಜ್ಜಿಗೆ ಒಪ್ಪಿಗೆ ಇಲ್ಲ. ಊರು ಬಿಟ್ಟದ್ದು, ಮರಳಿದ್ದು, ಅಜ್ಜಿ ಇರುವುದು ನಿಗದಿ. ಯಾಕೆ ಬಿಟ್ಟದ್ದು ಎಂಬುದಕ್ಕೆ 4 ಉತ್ತರ: ಸಾಲ, ಪ್ರೀತಿ, ಕೆಲಸ, ಅಪ್ಪನ ಜೊತೆ ಜಗಳ.

ಬಿಟ್ಟ ವರ್ಷವನ್ನು ಮಾತ್ರ ಆಟಗಾರರಿಗೆ ಬಿಡಬೇಡಿ. ನಿರುಪದ್ರವಿ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಎಲ್ಲ ದೃಶ್ಯವನ್ನೂ ಹಿಡಿದು ಅಲುಗಾಡಿಸುತ್ತದೆ. 2010ರಲ್ಲಿ ಬಿಟ್ಟವರು ನಮ್ಮ ಮೆಟ್ರೋ ಓಡಿದ್ದನ್ನೇ ನೋಡಿರುವುದಿಲ್ಲ, ಮೊದಲ ರೈಲು ಹೊರಟದ್ದು 2011ರ ಅಕ್ಟೋಬರ್‌ನಲ್ಲಿ, ಅದೂ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ. 2015ರಲ್ಲಿ ಬಿಟ್ಟವರಿಗೆ ಮೆಟ್ರೋ ಗೊತ್ತು, ಆದರೆ 2017ರಲ್ಲಿ ತೆರೆದ ಕೆ.ಆರ್. ಮಾರುಕಟ್ಟೆ ನಿಲ್ದಾಣ ಗೊತ್ತಿಲ್ಲ. ಮಾರ್ಕೆಟ್ ದೃಶ್ಯದಲ್ಲಿ ಪಾತ್ರ ಬೆರಗಾಗಬೇಕೋ ಬೇಡವೋ ಎಂದು ಪ್ರತಿ ಸಾಲಿಗೂ ಯೋಚಿಸುತ್ತ ಕೂರಬೇಕಾಗುತ್ತದೆ. 2010 ಎಂದು ನೀವೇ ಬರೆದುಬಿಡಿ.

ಕಾರಣವನ್ನು ಕೇಳುವುದಕ್ಕೂ ಒಂದು ರೀತಿ ಇದೆ. ಆಟ ಶುರುವಾಗುವ ಮೊದಲೇ ಪಟ್ಟಿ ತೋರಿಸಿ ಆರಿಸಿ ಎಂದರೆ, ಯಾವುದಕ್ಕೆ ಯಾವ ಲಾಭ ಎಂದು ಜನ ಲೆಕ್ಕ ಹಾಕುತ್ತಾರೆ. ಪಾತ್ರಗಳ ಬಾಯಲ್ಲೇ ಕೇಳಿಸಿ. 2015ರ ದಿ ವಿಚರ್ 3ರಲ್ಲಿ ಅರಮನೆಯಲ್ಲಿ ನಾಯಕ ಗೆರಾಲ್ಟ್‌ಗೆ ಕ್ಷೌರ ಮಾಡಿಸುತ್ತಲೇ, ಹಿಂದಿನ ಆಟದಲ್ಲಿ ಏನೇನು ಮಾಡಿದೆ ಎಂದು ವಿಚಾರಿಸುತ್ತಾರೆ. ನಮ್ಮ ಆಟದಲ್ಲಿ ಪಕ್ಕದ ಮನೆಯ ಸರೋಜಮ್ಮ ನಲ್ಲಿ ಹತ್ತಿರ ಕೊಡ ಇಟ್ಟು, “ಏನಮ್ಮಾ ಅದು, ಒಂದ್ ಮಾತೂ ಹೇಳ್ದೆ ಹೋಗ್ಬಿಟ್ರಿ?” ಎನ್ನಲಿ. ಆಟಗಾರರು ಏನನ್ನು ಆರಿಸಿದರೋ ಅದನ್ನು ಒಂದಲ್ಲ, ಎರಡು ವೇರಿಯಬಲ್‌ಗಳಲ್ಲಿ (ಆಟ ಉತ್ತರವನ್ನು ನೆನಪಿಟ್ಟುಕೊಳ್ಳುವ ಖಾನೆಗಳಲ್ಲಿ) ಇಡಿ: ನಡೆದದ್ದು, ಹೇಳಿದ್ದು. ಸರೋಜಮ್ಮನಿಗೆ ಕೆಲಸಕ್ಕೆ ಹೋಗಿದ್ದೆ ಎಂದವರು ರಾತ್ರಿ ಅಜ್ಜಿಯ ಹತ್ತಿರ ಸಾಲದ ವಿಷಯ ಬಿಚ್ಚಬಹುದು. ಎರಡು ವೇರಿಯಬಲ್ ಬೇರೆಯಾದ ಕ್ಷಣದಿಂದ ಆಟದೊಳಗೆ ಒಂದು ಗುಟ್ಟು ಹುಟ್ಟಿತು. ಒಂದೇ ವೇರಿಯಬಲ್ ಇಟ್ಟಿದ್ದರೆ ಎರಡನೇ ಉತ್ತರ ಮೊದಲನೆಯದನ್ನು ಅಳಿಸಿಹಾಕುತ್ತಿತ್ತು, ಸರೋಜಮ್ಮನೂ ತಾನು ಕೇಳದ ಸಂಗತಿಯನ್ನು ಮಾತಾಡತೊಡಗುತ್ತಿದ್ದರು. ಪರೀಕ್ಷೆಗೆ ಕೊಟ್ಟಾಗ ಮೊದಲು ಕಾಣಿಸುವ ತಪ್ಪುಗಳಲ್ಲಿ ಇದೂ ಒಂದು.

ಸರೋಜಮ್ಮನ ಆ ಪ್ರಶ್ನೆಯಲ್ಲಿ ಇನ್ನೊಂದು ತಪ್ಪು ಅಡಗಿದೆ, ಗಮನಿಸಿದಿರಾ? “ಏನಮ್ಮಾ” ಎಂದಾಗಲೇ ಪಾತ್ರ ಹೆಣ್ಣೆಂದು ತೀರ್ಮಾನವಾಗಿಹೋಯಿತು. ಪಾತ್ರ ಗಂಡೋ ಹೆಣ್ಣೋ ಎಂಬುದನ್ನು ಆಟಗಾರರಿಗೆ ಬಿಟ್ಟಿದ್ದರೆ ಬರೀ “ಏನದು” ಎಂದು ಶುರುಮಾಡಬೇಕು. ಕನ್ನಡದ ಕೆಲಸ ಶುರುವಾಗುವುದೇ ಇಲ್ಲಿಂದ. ನಾನು ಬಂದೆ, ನೀನು ಬಂದೆ, ನೀವು ಬಂದಿರಿ, ಇವುಗಳಲ್ಲಿ ಲಿಂಗವಿಲ್ಲ. ತೊಂದರೆ ಇರುವುದು ಪಾತ್ರದ ಬಗ್ಗೆ ಬೇರೆಯವರು ಮಾತಾಡುವಾಗ, ಬಂದ, ಬಂದಳು. ದನಿ ರೆಕಾರ್ಡ್ ಮಾಡಿಸುವುದಿದ್ದರೆ ಅಂಥ ಪ್ರತಿ ಸಾಲೂ ಎರಡೆರಡು. ಬಂದರು ಎಂದು ಬಹುವಚನ ಹಾಕಿ ಪಾರಾಗಬಹುದು, ಆದರೆ ಅಜ್ಜಿ ಮೊಮ್ಮಗುವನ್ನು ಬಹುವಚನದಲ್ಲಿ ಕರೆದರೆ ಯಾವ ಮನೆಯಲ್ಲೂ ನಂಬುವುದಿಲ್ಲ. “ಬಂದಿದ್ದು ನಿನ್ನೆ ರಾತ್ರಿ, ಊಟಾನೂ ಮಾಡ್ದೆ ಮಲ್ಕೊಂಡಿದ್ದು” ಎನ್ನಿಸಿ. ಅಜ್ಜಿಯ ದನಿಯೂ ಉಳಿಯಿತು, ಸಾಲೂ ಒಂದೇ ಆಯಿತು. ಮುಖಾಮುಖಿ ಮಾತಿಗೆ ಕಂದ ಎಂಬ ಪದ ಇಬ್ಬರಿಗೂ ನಡೆಯುತ್ತದೆ. ಪುಟ್ಟ ಎಂದರೆ ಪುಟ್ಟಿಯನ್ನೂ ಬರೆಯಬೇಕಾಗುತ್ತದೆ.

ಹೆಸರನ್ನು ಆಟಗಾರರೇ ಟೈಪ್ ಮಾಡುವುದಾದರೆ ವಿಭಕ್ತಿ ಕೈಕೊಡುತ್ತದೆ. ಖಾಲಿ ಜಾಗದ ಮುಂದೆ “ನ ಮನೆ” ಎಂದು ಬರೆದಿಟ್ಟರೆ ರಾಮನ ಮನೆ ಸರಿ. ರವಿನ ಮನೆ, ಗೌರಿನ ಮನೆ ಆಡುಮಾತಿನಲ್ಲೂ ಕಿವಿಗೆ ಚುಚ್ಚುತ್ತವೆ. ರವಿಯ, ಮಂಜುವಿನ, ಲತಾಳ ಎಂದು ಹೆಸರಿನ ಕೊನೆ ನೋಡಿ ಪ್ರತ್ಯಯ ಬದಲಾಗುತ್ತದೆ, ಲಿಂಗ ನೋಡಿಯೂ ಬದಲಾಗುತ್ತದೆ. ನಮ್ಮ ಪತ್ರಿಕೆಗಳು ಇದನ್ನು ಎಂದೋ ಬಗೆಹರಿಸಿಕೊಂಡಿವೆ: ರವಿ ಅವರ ಮನೆ, ಲತಾ ಅವರಿಗೆ ಪತ್ರ. ಕೋರ್ಟಿನ ನೋಟಿಸು, ಬ್ಯಾಂಕಿನ ಕಾಗದ, ಪೊಲೀಸರ ಮಾತು, ಇಲ್ಲೆಲ್ಲ ಇದನ್ನೇ ಬಳಸಿ, ಸಹಜವಾಗಿ ಒಪ್ಪುತ್ತದೆ. ಮಿಕ್ಕ ಕಡೆ ಪಾತ್ರಕ್ಕೆ ಮನೆತನದ ಹೆಸರೋ ವೃತ್ತಿಯ ಹೆಸರೋ ಕೊಟ್ಟು ನಿಗದಿ ಮಾಡಿ. ಮಾಸ್ ಎಫೆಕ್ಟ್‌ನಲ್ಲಿ ಎಲ್ಲರೂ ಶೆಪರ್ಡ್ ಎಂದೇ ಕರೆಯುವುದರ ಗುಟ್ಟೂ ಇದೇ. ಮೊದಲ ಹೆಸರು ಏನೇ ಇರಲಿ, ದನಿ ಕೊಡುವವರು ಹೇಳುವುದು ಒಂದೇ ಪದ. 2015ರ ಫಾಲ್‌ಔಟ್ 4ರಲ್ಲಿ ಕಾಡ್ಸ್‌ವರ್ತ್ ಎಂಬ ರೋಬೋಗಾಗಿ ನೂರಾರು ಹೆಸರುಗಳನ್ನು ರೆಕಾರ್ಡ್ ಮಾಡಿಸಿದರು. ಇಬ್ಬರು ಮೂವರು ಸೇರಿ ಮಾಡುವ ಆಟಕ್ಕೆ ಆ ದಾರಿ ಇಲ್ಲ.

ಕೆಲಸದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. 40 ದೃಶ್ಯ, 4 ಕಾರಣ, ಪ್ರತಿ ದೃಶ್ಯದಲ್ಲೂ ಕಾರಣಕ್ಕೊಂದು ಬೇರೆ ಮಾತು ಎಂದರೆ 160 ತುಣುಕು. ಅರ್ಧಕ್ಕೆ ಬರುವಷ್ಟರಲ್ಲಿ ಸುಸ್ತಾಗಿ, ಉಳಿದ ಅರ್ಧದಲ್ಲಿ ಹಿನ್ನೆಲೆಯೇ ಕಾಣೆಯಾಗುತ್ತದೆ. ಅದರ ಬದಲು ಕಾರಣಕ್ಕೆ 12 ತುಣುಕು ಇಟ್ಟುಕೊಳ್ಳಿ: 1 ದೊಡ್ಡ ದೃಶ್ಯ, ಹೊಸ ಆಯ್ಕೆ ತೆರೆಯುವ 3 ಜಾಗ, ಬರೀ ಒಂದು ಸಾಲಿನ 8 ನೆನಪು. ಒಟ್ಟು 48. ದೊಡ್ಡ ದೃಶ್ಯವನ್ನು ಕೊನೆಯ ಮೂರನೇ ಒಂದು ಭಾಗದಲ್ಲಿ ಇಡಿ, ಅದೂ ಎಲ್ಲರೂ ಹಾಯಲೇಬೇಕಾದ ಜಾಗದಲ್ಲಿ. ಇಲ್ಲಿ ಅದು ಮನೆಯ ಕಾಗದಕ್ಕೆ ಸಹಿ ಹಾಕುವ ದಿನ. ಸಾಲ ಎಂದು ಆರಿಸಿದವರಿಗೆ, ಮನೆ ಕೊಳ್ಳಲು ಬಂದು ಎದುರು ಕೂತವನೇ ಅಂದು ದುಡ್ಡು ಕೊಟ್ಟಿದ್ದವನು. ಜಗಳ ಎಂದವರಿಗೆ, ಕಾಗದದ ಕೆಳಗೆ ಅಪ್ಪನ ಸಹಿ ಆಗಲೇ ಬಿದ್ದಿದೆ.